ಬಣ್ಣದ ಬೋರ್ಡಿನ ದನದಾಸ್ಪತ್ರೆ

ಚಳ್ಳಕೆರೆ ತಾಲ್ಲೂಕಿನ ನಮ್ಮ ನನ್ನಿವಾಳದ ಕಡೆ ದನದ ಡಾಕ್ಟರಿಗೆ ಇರುವ ಮರ್ಯಾದೆ ಮನುಷ್ಯರ ಡಾಕ್ಟರಿಗೆ ಇಲ್ಲ. ಮನುಷ್ಯ ಮಲಗಿದರೆ "ನೋಡಾನ, ನಾಳೀಕೆ ಚಳ್ಳಕೆರಿಗೆ ಹೋದ್ರಾತು" ಅನ್ನುವವರೇ ಹಸು ಮೇವು ಬಿಟ್ಟಿತೆಂದರೆ ಉಂಡ ಕೈ ತೊಳೆಯದೆ ಬೈಕು ಏರುತ್ತಾರೆ. ಇದರಲ್ಲಿ ಲೆಕ್ಕಾಚಾರವೂ ಇದೆ, ಅಕ್ಕರೆಯೂ ಇದೆ. ಯಾವುದು ಎಷ್ಟು ಎಂದು ಬಿಡಿಸಿ ಹೇಳಲು ನಮ್ಮೂರವರಿಗೇ ಬರುವುದಿಲ್ಲ. ಡಾಕ್ಟರು ಬಂದರೆ ಮೊದಲು ಚಾ, ಆಮೇಲೆ ರೋಗದ ವರದಿ. ವರದಿ ಒಪ್ಪಿಸುವವರು ಓಣಿಗೆ ಓಣಿಯೇ. ಒಬ್ಬರು ಗಂಟಲು ಬೇನೆ ಅನ್ನುತ್ತಾರೆ, ಇನ್ನೊಬ್ಬರು ಹೊಟ್ಟೆಯುಬ್ಬರ ಅನ್ನುತ್ತಾರೆ, ಮತ್ತೊಬ್ಬರು ಪಕ್ಕದ ಮನೆಯವರ ದೃಷ್ಟಿಯ ಕಡೆಗೆ ಬೆರಳು ತೋರಿಸುತ್ತಾರೆ. ಹಸುವಿನ ಯಜಮಾನ ಮಾತ್ರ ತುಟಿ ಪಿಟಕ್ಕೆನ್ನದೆ ಮೂಗುದಾರ ಹಿಡಿದು ನಿಂತಿರುತ್ತಾನೆ.

ಹೀಗಿರುವಾಗ ಬೆಂಗಳೂರಿನಲ್ಲಿರುವ ಅಣ್ಣನ ಮಗಳು ಫೋನ್ ಮಾಡಿ ಒಂದು ಪ್ರಶ್ನೆ ಹಾಕಿದಳು. "ಚಿಕ್ಕಪ್ಪ, ಸಿನಿಮಾ, ಕಾರ್ಟೂನು, ಆಟಿಕೆ ಮಾಡೋ ಕಂಪನಿಯವರು ನಾಯಿ ಬೆಕ್ಕಿನ ಆಸ್ಪತ್ರೆ ತೆಗೆದ್ರೆ ಹೆಂಗಿರುತ್ತೆ? ಗೋಡೆ ತುಂಬ ಬಣ್ಣ ಬಣ್ಣದ ಚಿತ್ರ, ಹಾಡು, ಮಕ್ಕಳಿಗೆ ಆಡೋಕೆ ಜಾಗ. ನಾಯಿಗೆ ಹೆದರಿಕೆನೇ ಆಗಲ್ಲ."

"ನಾಯಿ ಟಿವಿ ನೋಡ್ತದೇನಮ್ಮ?"

"ನಾಯಿ ಕರ್ಕೊಂಡು ಬರೋರು ನೋಡ್ತಾರಲ್ಲ!"

ಉತ್ತರ ಚುರುಕಾಗಿತ್ತು, ಒಪ್ಪಿಕೊಂಡೆ. ಹೊರಗೆ ಜಗಲಿಯ ಮೇಲೆ ಕುಳಿತಿದ್ದ ದೊಡ್ಡಪ್ಪನಿಗೆ ಈ ಸಂಗತಿ ಹೇಳಿದರೆ ಅವನು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, "ಸಿನಿಮಾದೋರು ದನಿನ ಆಸ್ಪತ್ರೆ ಮಾಡ್ತಾರಂತಾ? ಇಂಟರ್ವಲ್‌ನಾಗೆ ಸೂಜಿ ಚುಚ್ತಾರೇನಲೇ?" ಅಂದ. ಈ ಇಬ್ಬರ ನಡುವೆ ಸಿಕ್ಕಿಕೊಂಡ ನಾನು ವಿಷಯವನ್ನು ಮೆಲುಕು ಹಾಕತೊಡಗಿದೆ.

ಮೊದಲ ತೊಡಕು, ಸಾಕುಪ್ರಾಣಿ ಎಂದರೆ ಯಾವುದು ಎನ್ನುವುದು. ಬೆಂಗಳೂರಿನಲ್ಲಿ ಅದು ಸೋಫಾದ ಮೇಲೆ ಮಲಗುವ ಪ್ರಾಣಿ. ನಮ್ಮಲ್ಲಿ ತಬ್ಬಲಿಯಾದ ಕುರಿಮರಿಯನ್ನು ಮನೆಯ ಹುಡುಗಿಯೊಬ್ಬಳು ಬಾಟಲಿ ಹಾಲು ಕುಡಿಸಿ ಬೆಳೆಸುತ್ತಾಳೆ. ಅದು ಅವಳ ಹಿಂದೆಯೇ ಶಾಲೆಯ ಬಾಗಿಲವರೆಗೂ ಹೋಗುತ್ತದೆ. 2019ರ ಗಣತಿಯ ಪ್ರಕಾರ ರಾಜ್ಯದಲ್ಲಿದ್ದ ಕುರಿಗಳು 1 ಕೋಟಿ 11 ಲಕ್ಷ. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದದ್ದೇ ಕುರಿಯಿಂದ. ಆ ಕೋಟಿಯಲ್ಲಿ ಎಷ್ಟಕ್ಕೆ ಮುದ್ದಿನ ಹೆಸರಿದೆ ಎಂದು ಯಾವ ಗಣತಿಯವರೂ ಕೇಳಿಲ್ಲ. ಇನ್ನು ನಮ್ಮ ಮ್ಯಾಸನಾಯಕ ಸಮುದಾಯದವರ ಹಟ್ಟಿಗಳಲ್ಲಿ ಕೋಳಿ ಸಾಕುವುದೂ ಇಲ್ಲ, ತಿನ್ನುವುದೂ ಇಲ್ಲ ಎಂಬ ಕಟ್ಟುಪಾಡು ಹಳೆಯದು. ಕೋಳಿಗೆ ಲಸಿಕೆ ಹಾಕುತ್ತೇನೆಂದು ಹೊರಟ ಕಂಪನಿ ಅಂಥ ಹಟ್ಟಿಗೆ ಬಂದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸಾಗಬೇಕು.

ಮನರಂಜನೆಯವರಿಗೂ ಪ್ರಾಣಿಗಳಿಗೂ ನಂಟು ಹೊಸದಲ್ಲ, ಆದರೆ ಆ ನಂಟು ಪ್ರಾಣಿಗಳಿಗೆ ಯಾವಾಗಲೂ ಒಳ್ಳೆಯದನ್ನೇ ಮಾಡಿಲ್ಲ. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತು ನೆನಪಿರಬಹುದು: ಹುಡುಗನ ಬೆನ್ನು ಬಿಡದೆ ಓಡುವ ಸುಕ್ಕು ಮುಖದ ಪುಟ್ಟ ಪಗ್ ನಾಯಿ. ಅದಾದ ಮೇಲೆ ದೇಶದ ಊರೂರಿನಲ್ಲೂ ಪಗ್ ಬೇಕೆನ್ನುವವರು ಹುಟ್ಟಿಕೊಂಡರು. ಮೂಗು ಚಪ್ಪಟೆಯಾಗಿರುವ ಆ ತಳಿ ಉಸಿರಾಟಕ್ಕೇ ಪರದಾಡುತ್ತದೆ, ನಮ್ಮ ಬಿಸಿಲಿನಲ್ಲಂತೂ ಏದುಸಿರು ತಪ್ಪಿದ್ದಲ್ಲ ಎಂಬ ಮಾತು ಜಾಹೀರಾತಿನಲ್ಲಿ ಇರಲಿಲ್ಲ. ಇರುವುದಕ್ಕೆ ಅದೇನು ಪಶುವೈದ್ಯ ಪಾಠವೇ? ಅಣ್ಣನ ಮಗಳ ಮನೆಯಲ್ಲಿರುವುದೂ ಪಗ್ಗೇ. ಅದು ಮಲಗಿದಾಗ ಹೊಡೆಯುವ ಗೊರಕೆಗೆ ಮೇಲಿನ ಮಹಡಿಯವರು ತಕರಾರು ತೆಗೆದಿದ್ದಾರೆ. ಅಮೆರಿಕದಲ್ಲಿ 1996ರಲ್ಲಿ ಡಿಸ್ನಿಯ '101 ಡಾಲ್ಮೇಶಿಯನ್ಸ್' ಮತ್ತೆ ತೆರೆಗೆ ಬಂದಾಗಲೂ ಹೀಗೇ ಆಯಿತು. ಚುಕ್ಕೆ ನಾಯಿಗಳನ್ನು ಆಸೆಪಟ್ಟು ಕೊಂಡವರು ಅವುಗಳ ಚುರುಕು, ಓಟ, ಹಠ ತಾಳಲಾರದೆ ಆಶ್ರಯ ಕೇಂದ್ರಗಳಿಗೆ ತಂದು ಬಿಟ್ಟರು. ಹಾಗೆ ನೋಡಿದರೆ ಮನರಂಜನೆಯ ಕಂಪನಿ ಆಸ್ಪತ್ರೆ ತೆಗೆಯುವುದರಲ್ಲಿ ಒಂದು ನ್ಯಾಯವೂ ಇದೆ. ಕಾಯಿಲೆಯ ನಾಯಿಯನ್ನು ಫ್ಯಾಷನ್ ಮಾಡಿದವರೇ ಔಷಧದ ಖರ್ಚನ್ನೂ ಹೊರಲಿ.

ಕನ್ನಡದಲ್ಲಿ ಈ ಮಾತಿಗೆ ಇನ್ನೊಂದು ಮುಖ ತೋರಿಸಿದ್ದು '777 ಚಾರ್ಲಿ'. 2022ರ ಜೂನ್ 10ರಂದು ತೆರೆಕಂಡ ಚಿತ್ರ; ನಿರ್ದೇಶಕ ಕಿರಣ್‌ರಾಜ್ ಕಾಸರಗೋಡಿನವರು. ಕದ್ದುಮುಚ್ಚಿ ನಾಯಿ ತಳಿ ಬೆಳೆಸುವವನ ಕೈಯಿಂದ ತಪ್ಪಿಸಿಕೊಂಡು ಬರುವ ಲ್ಯಾಬ್ರಡಾರ್, ಒಂದೇ ವಂಶದೊಳಗೆ ಮರಿ ಮಾಡಿಸಿದ್ದರಿಂದ ಅದಕ್ಕೆ ಅಂಟಿದ ಕಾಯಿಲೆ, ರಕ್ಷಿತ್ ಶೆಟ್ಟಿಯ ಒಂಟಿ ಬದುಕು. ರಾಜ್ ಬಿ. ಶೆಟ್ಟಿ ಅದರಲ್ಲಿ ಪಶುವೈದ್ಯ. ಕನ್ನಡ ಸಿನಿಮಾದಲ್ಲಿ ಹೃದಯದ ಡಾಕ್ಟರು, ಹೆರಿಗೆಯ ಡಾಕ್ಟರು ಲೆಕ್ಕವಿಲ್ಲದಷ್ಟು ಬಂದುಹೋಗಿದ್ದರು. ದನ ನಾಯಿಗಳ ಡಾಕ್ಟರಿಗೆ ಇಷ್ಟು ದೊಡ್ಡ ಪಾತ್ರ ಸಿಕ್ಕಿದ್ದು ಅಪರೂಪ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ ಕಣ್ಣೀರು ಹಾಕಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ನನಗೆ ಹಿಡಿಸಿದ್ದು ಆಮೇಲಿನ ಸುದ್ದಿ. ಲಾಭದಲ್ಲಿ ಶೇಕಡಾ 5ರಷ್ಟನ್ನು ನಾಯಿಗಳ ಆರೈಕೆ ಮಾಡುವ ಸಂಸ್ಥೆಗಳಿಗೆ ಚಾರ್ಲಿಯ ಹೆಸರಿನಲ್ಲಿ ಕೊಡುವುದಾಗಿ ಚಿತ್ರತಂಡ ಘೋಷಿಸಿತು. ಗಮನಿಸಿ, 'ಚಾರ್ಲಿ ಆಸ್ಪತ್ರೆ' ಎಂದು ತಾವೇ ಬೋರ್ಡು ಹಾಕಿಕೊಳ್ಳಲು ಹೋಗಲಿಲ್ಲ. ಆ ಕೆಲಸ ಮೊದಲಿಂದ ಮಾಡುತ್ತಿದ್ದವರ ಕೈಗೆ ದುಡ್ಡು ಕೊಡುವ ದಾರಿ ಹಿಡಿದರು.

ಡಿಸ್ನಿಯವರು ಪ್ರಾಣಿಗಳ ಚಿಕಿತ್ಸೆಯನ್ನು ತಾವೇ ನಡೆಸುವುದೂ ಉಂಟು. ಫ್ಲಾರಿಡಾದಲ್ಲಿ 1998ರಲ್ಲಿ ತೆರೆದ ಅವರ ಅನಿಮಲ್ ಕಿಂಗ್‌ಡಂ ಪಾರ್ಕಿನಲ್ಲಿ, ಪ್ರಾಣಿಗಳಿಗೆ ಡಾಕ್ಟರು ಚಿಕಿತ್ಸೆ ಮಾಡುವುದನ್ನು ಪ್ರವಾಸಿಗರು ಗಾಜಿನ ಗೋಡೆಯಾಚೆ ನಿಂತು ನೋಡಬಹುದು. ಇದನ್ನು ದೊಡ್ಡ ಹೊಸತನವೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ನನ್ನಿವಾಳದಲ್ಲಿ ಗಾಜು ಒಂದಿಲ್ಲ, ಮಿಕ್ಕಿದ್ದೆಲ್ಲ ಅನಾದಿ ಕಾಲದಿಂದ ಇದೆ. ನಮ್ಮ ದನದ ಡಾಕ್ಟರು ಪ್ರೇಕ್ಷಕರಿಲ್ಲದೆ ಕೆಲಸ ಮಾಡಿದ ದಿನವೇ ಇಲ್ಲ. ಕರು ಅಡ್ಡ ಸಿಕ್ಕಿಕೊಂಡ ಹಸುವಿಗೆ ತೋಳು ತನಕ ಕೈ ಹಾಕಿ ಅವರು ಬೆವರುತ್ತಿದ್ದರೆ ಸುತ್ತ ನಿಂತವರು "ಎಡಕ್ಕೆ ತಿರುವ್ರಿ ಸಾರ್" ಎಂದು ನಿರ್ದೇಶನ ಕೊಡುತ್ತಿರುತ್ತಾರೆ. ಕರು ಜೀವಂತ ಬಿದ್ದರೆ ಶಿಳ್ಳೆ.

ಪ್ರಾಣಿಗಳ ಮಟ್ಟಿಗೆ ಮನರಂಜನೆಯ ಸಾಲದ ಖಾತೆ ದೊಡ್ಡದು. 1939ರ 'ಜೆಸ್ಸಿ ಜೇಮ್ಸ್' ಎಂಬ ಹಾಲಿವುಡ್ ಚಿತ್ರಕ್ಕಾಗಿ ಕುದುರೆಯನ್ನು ಬಂಡೆಯ ತುದಿಯಿಂದ ನೀರಿಗೆ ಬೀಳಿಸಿ ಕೊಂದರು. ಅದರ ಮೇಲೆ ಎದ್ದ ಗದ್ದಲದಿಂದಲೇ ಚಿತ್ರೀಕರಣದಲ್ಲಿ ಪ್ರಾಣಿಗಳ ಮೇಲೆ ಕಣ್ಣಿಡುವ ಏರ್ಪಾಡು ಅಮೆರಿಕದಲ್ಲಿ ಶುರುವಾಯಿತು. ನಮ್ಮಲ್ಲಿ 1990ರ ದಶಕದ ಕೊನೆಗೆ ಹುಲಿ, ಸಿಂಹ, ಕರಡಿ, ಕೋತಿಗಳನ್ನು ಆಡಿಸುವಂತಿಲ್ಲ ಎಂದು ಸರ್ಕಾರ ಕಟ್ಟಪ್ಪಣೆ ಮಾಡಿತು. ಆಮೇಲೆ ಸರ್ಕಸ್ಸಿನವರು ಬಿಟ್ಟುಕೊಟ್ಟ ಸಿಂಹ ಹುಲಿಗಳು ಬನ್ನೇರುಘಟ್ಟಕ್ಕೆ ಬಂದವು. ಜಾತ್ರೆಯಲ್ಲಿ ಎರಡು ಕಾಲ ಮೇಲೆ ಕುಣಿದ ಕರಡಿಗಳಿಗೂ ಅಲ್ಲೇ ಆಶ್ರಯ ಸಿಕ್ಕಿತು. ಟಿಕೆಟಿನ ದುಡ್ಡು ಎಣಿಸಿಕೊಂಡವರು ಒಬ್ಬರು, ಮುಪ್ಪಿನಲ್ಲಿ ಅವುಗಳ ಹಲ್ಲು ನೋಡಿ ಮಾಂಸ ಹಾಕಿದವರು ಇನ್ನೊಬ್ಬರು.

ಆದರೆ ಮನರಂಜನೆಯವರೆಲ್ಲ ಹೀಗೆ ಕೈ ತೊಳೆದುಕೊಳ್ಳುವವರು ಎಂದರೆ ಕೋಲೆಬಸವನವನಿಗೆ ಅನ್ಯಾಯವಾಗುತ್ತದೆ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಬರುತ್ತಿದ್ದವನು ಒಬ್ಬನಿದ್ದ. ಬಸವನಿಗೆ ಬಣ್ಣದ ಜೂಲು, ಕೊಂಬಿಗೆ ಕುಚ್ಚು, ಕೊರಳಿಗೆ ಗಂಟೆ. "ಈ ವರ್ಸ ಮಳೆ ಬರ್ತದೇನಪ್ಪಾ ಬಸವಣ್ಣ?" ಅಂದರೆ ಅದು ತಲೆಯಾಡಿಸುತ್ತಿತ್ತು. ನಮ್ಮ ತಾಲ್ಲೂಕಿನಲ್ಲಿ ಆ ಪ್ರಶ್ನೆಗೆ ಹೌದೆಂದು ತಲೆಯಾಡಿಸುವುದು ಸಣ್ಣ ಧೈರ್ಯವಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಕೊಟ್ಟ ಜೋಳದಲ್ಲಿ ಮೊದಲ ಹಿಡಿ ಬಸವನ ಬಾಯಿಗೆ ಹೋಗುತ್ತಿತ್ತು. "ಇದಕ್ಕೆ ಬ್ಯಾನಿ ಬಂದ್ರೆ ಏನ್ಮಾಡ್ತೀಯಪ್ಪಾ?" ಎಂದು ದೊಡ್ಡಪ್ಪ ಕೇಳಿದ್ದಕ್ಕೆ ಅವನು ಹೇಳಿದ್ದು: "ಇದು ಮಲಗಿದ್ರೆ ನಮ್ಮನೆ ಒಲೆನೂ ಮಲಗ್ತದೆ ಸ್ವಾಮಿ. ಅದಕ್ಕೇ ನಾ ಮಲಗಾಕೆ ಮುಂಚೆ ಇದರ ಗೊರಸು ನೋಡೇ ಮಲಗೋದು." ಒಬ್ಬನೇ ಕಲಾವಿದ, ಒಬ್ಬನೇ ಮಾಲೀಕ, ಒಬ್ಬನೇ ಡಾಕ್ಟರು. ಕಂಪನಿ ಎಂದರೆ ಅದೇ, ಶಾಖೆಗಳಿಲ್ಲದ್ದು.

ಶಾಖೆಗಳಿರುವ ಕಂಪನಿಗಳ ಕಥೆ ಬೇರೆ. ಚಾಕೊಲೇಟ್ ಮಾಡುವ ಮಾರ್ಸ್ ಕಂಪನಿ ಇವತ್ತು ಜಗತ್ತಿನ ಅತಿ ದೊಡ್ಡ ಪ್ರಾಣಿ ಆಸ್ಪತ್ರೆ ಒಡೆಯರಲ್ಲಿ ಒಂದು. ಅಮೆರಿಕದ ವಿಸಿಎ ಎಂಬ ಆಸ್ಪತ್ರೆಗಳ ಸರಪಳಿಯನ್ನು 2017ರಲ್ಲಿ ಅದು ಕೊಂಡದ್ದು 900 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು. ನಾಯಿಗೆ ವಿಷವಾಗುವ ಚಾಕೊಲೇಟಿನ ದುಡ್ಡಿನಲ್ಲಿ ನಾಯಿಯ ಚಿಕಿತ್ಸೆ. ಬ್ರಹ್ಮನ ಲಿಪಿಯಲ್ಲೂ ಇಂಥ ತಮಾಷೆ ಇರಲಾರದು. ಬ್ರಿಟನ್ನಿನಲ್ಲಿ ಪಶುವೈದ್ಯರಲ್ಲದವರೂ ಚಿಕಿತ್ಸಾಲಯದ ಒಡೆಯರಾಗಬಹುದೆಂದು 1999ರಲ್ಲಿ ಬಾಗಿಲು ತೆರೆದರು. 2013ರ ಹೊತ್ತಿಗೆ ದೊಡ್ಡ ಕಂಪನಿಗಳ ಕೈಲಿದ್ದ ಚಿಕಿತ್ಸಾಲಯಗಳು ಶೇಕಡಾ 10ರಷ್ಟು. ಹತ್ತು ವರ್ಷ ಕಳೆಯುವಷ್ಟರಲ್ಲಿ ಶೇಕಡಾ 60ರಷ್ಟು. ಬಿಲ್ಲು ಏರಿತು, ಜನ ಗೊಣಗಿದರು, 2024ರಲ್ಲಿ ಅಲ್ಲಿನ ಮಾರುಕಟ್ಟೆ ಪ್ರಾಧಿಕಾರ ವಿಧಿವತ್ತಾಗಿ ವಿಚಾರಣೆಗೆ ಇಳಿಯಿತು. ವಿಚಾರಣೆಯಲ್ಲಿ ಕಂಡ ಸಂಗತಿಗಳಲ್ಲಿ ಒಂದು ಸ್ವಾರಸ್ಯವಾಗಿದೆ. ಎಷ್ಟೋ ಕಡೆ ಕಂಪನಿ ತನ್ನ ಹೆಸರು ಹಾಕಿಕೊಂಡೇ ಇರಲಿಲ್ಲ. ಊರಿನ ಹಳೆಯ ಡಾಕ್ಟರ ಬೋರ್ಡನ್ನು ಹಾಗೇ ಇಟ್ಟುಕೊಂಡು ಗಲ್ಲಾಪೆಟ್ಟಿಗೆ ಮಾತ್ರ ಬದಲಿಸಿತ್ತು. ಇದಕ್ಕೆ ಹೋಲಿಸಿದರೆ ಕಾರ್ಟೂನು ಬರೆದ ಬೋರ್ಡೇ ಪ್ರಾಮಾಣಿಕ ಅನ್ನಿಸುತ್ತದೆ. ಯಾರ ಅಂಗಡಿ ಎಂದಾದರೂ ಗೊತ್ತಾಗುತ್ತದಲ್ಲ.

ನಮ್ಮ ಭಾಗದಲ್ಲೂ ಬ್ರಾಂಡೊಂದು ದನಗಳಿಗೆ ಚಿಕಿತ್ಸೆ ಮಾಡುತ್ತದೆ, ಅದರ ಹೆಸರು ನಂದಿನಿ. ಚಿತ್ರದುರ್ಗ ಜಿಲ್ಲೆ ಶಿವಮೊಗ್ಗ ಹಾಲು ಒಕ್ಕೂಟಕ್ಕೆ ಸೇರಿದ್ದು. ಡೇರಿಗೆ ಹಾಲು ಹಾಕುವವರ ಹಸುವಿಗೆ ಒಕ್ಕೂಟದ ಡಾಕ್ಟರು ಬರುತ್ತಾರೆ, ಕೃತಕ ಗರ್ಭಧಾರಣೆ ಮಾಡುತ್ತಾರೆ, ಕೆಚ್ಚಲು ಬಾವು ನೋಡುತ್ತಾರೆ. ನಂದಿನಿಯ ಹಾಲಿಗೆ ರಾಜ್‌ಕುಮಾರ್ ಮುಖವಾಗಿ ನಿಂತರು, ಆಮೇಲೆ ಪುನೀತ್. ಇಬ್ಬರೂ ಬಿಡಿಗಾಸು ಮುಟ್ಟಲಿಲ್ಲ. ಮನರಂಜನೆಯ ಹೆಸರು, ಹಾಲಿನ ದುಡ್ಡು, ಡಾಕ್ಟರ ಕೈ, ಮೂರೂ ಕೂಡಿಬಂದ ಈ ಏರ್ಪಾಡು ಅಣ್ಣನ ಮಗಳು ಕೇಳಿದ್ದಕ್ಕೆ ಬಹಳ ಹತ್ತಿರದ್ದು. ಹಾಲು ಕಟ್ಟಿದರೆ ಒಕ್ಕೂಟಕ್ಕೂ ನಷ್ಟ, ರೈತನಿಗೂ ನಷ್ಟ. ಆದ್ದರಿಂದ ಡಾಕ್ಟರು ಬಂದೇ ಬರುತ್ತಾರೆ. ಲೆಕ್ಕ ಅಲ್ಲಿಗೆ ಸರಿ. ಹಾಲೇ ಕೊಡದ ಪ್ರಾಣಿಗೆ?

ಈ ಪ್ರಶ್ನೆ ಕೇಳಲು ನನ್ನಿವಾಳಕ್ಕಿಂತ ತಕ್ಕ ಊರು ಇಲ್ಲ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ, ಸತ್ತರೆ ಹಿರಿಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ಅವುಗಳ ಹಿಂದೆ ಕಾಡುಮೇಡು ತಿರುಗುವವನು ಕಿಲಾರಿ. ನಷ್ಟ ಲಾಭದ ಯಾವ ಪುಸ್ತಕದಲ್ಲೂ ಈ ದನಗಳಿಗೆ ಕಲಂ ಇಲ್ಲ.

ಒಮ್ಮೆ ಅಂಥ ಒಂದು ಎತ್ತಿನ ಕೊಂಬಿನ ಬುಡದಲ್ಲಿ ಗಾಯವಾಗಿ ಹುಳ ಬಿದ್ದಿತ್ತು. ಡಾಕ್ಟರ ಜೊತೆ ನಾನೂ ಹೋಗಿದ್ದೆ. ದೇವರ ದನಗಳ ಗೂಡಿನ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಬೆಳ್ಳಗೆ, ಉದ್ದ ಕೊಂಬಿನ ಮುದಿ ಎತ್ತು. ನೊಣ ಓಡಿಸಲು ತಲೆ ಕೊಡವಿ ಕೊಡವಿ ಸುಸ್ತಾಗಿ ತಲೆಯನ್ನು ಒಂದೇ ಕಡೆಗೆ ವಾಲಿಸಿ ನಿಂತಿತ್ತು. ಇಬ್ಬರು ಹಗ್ಗ ಹಿಡಿದರು, ಕಿಲಾರಿ ಅದರ ಗಂಗೆದೊಗಲು ನೀವುತ್ತ ನಿಂತ. ಡಾಕ್ಟರು ಕಣ್ಣಿಗೂ ಕೊಂಬಿಗೂ ನಡುವೆ ಬೆರಳಲ್ಲಿ ಏಣು ಹುಡುಕಿ ಮರಗಟ್ಟುವ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಆ ಕಡೆಯ ರೆಪ್ಪೆ ಇಳಿಬಿತ್ತು. "ಹಿಡೀತು" ಅಂದರು. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯನ್ನು ಗಾಯಕ್ಕೆ ತುರುಕಿ ಕಾದರೆ, ಒಳಗಿದ್ದ ಹುಳಗಳು ಅಕ್ಕಿಯ ಹಾಗೆ ಬೆಳ್ಳಗೆ ಒಂದೊಂದೇ ಮೇಲೆ ಬಂದವು. ಚಿಮಟದಲ್ಲಿ ಆರಿಸಿ ಆರಿಸಿ ನೆಲಕ್ಕೆ ಹಾಕಿದರು. ಗಾಯ ತೊಳೆದು, ಮುಲಾಮು ಮೆತ್ತಿ, ಸುತ್ತ ಬೇವಿನೆಣ್ಣೆ ಸವರಿದರು.

ಕೈ ತೊಳೆದ ಮೇಲೆ ರಿಜಿಸ್ಟರು ತೆಗೆದರು. "ಯಜಮಾನರ ಹೆಸರು?" ಕಿಲಾರಿ ದೇವರ ಹೆಸರು ಹೇಳಿದ. ಡಾಕ್ಟರು ಮುಖ ನೋಡಲೂ ಇಲ್ಲ, ದೇವರ ಹೆಸರನ್ನೇ ಬರೆದುಕೊಂಡರು. "ಮೊಬೈಲ್ ನಂಬರು?" ಅಲ್ಲಿ ಕಿಲಾರಿ ತನ್ನದೇ ನಂಬರು ಕೊಟ್ಟ. "ಮೂರು ದಿನ ಬಿಟ್ಟು ಫೋನ್ ಮಾಡ್ತೀನಿ, ಎತ್ತಬೇಕು" ಎಂದರು ಡಾಕ್ಟರು. "ಎತ್ತದೆ ಏನ್ ಮಾಡಾನ ಸಾರ್, ದೇವ್ರು ಎತ್ತಲ್ಲವಲ್ಲ" ಅಂದ ಕಿಲಾರಿ.

ನನ್ನ ಮಟ್ಟಿಗೆ ಇಡೀ ಚರ್ಚೆ ಆ ಎರಡು ಕಲಮುಗಳಲ್ಲಿ ಮುಗಿದುಹೋಗಿದೆ. ಯಜಮಾನರ ಕಲಮಿನಲ್ಲಿ ದೇವರು ಇರಬಹುದು, ಇಲಿಯ ಕಾರ್ಟೂನು ಇರಬಹುದು, ಸಿನಿಮಾ ಹೀರೊ ಇರಬಹುದು. ಫೋನ್ ಎತ್ತುವ ಕಲಮಿನಲ್ಲಿ ಒಬ್ಬ ಮನುಷ್ಯ ಬೇಕು.

ದೇವರ ಹೆಸರಿನ ಶಕ್ತಿಯನ್ನು ನಾನು ಕಡೆಗಣಿಸುತ್ತಿಲ್ಲ. ನಮ್ಮ ಸೀಮೆಯಲ್ಲಿ ಮನರಂಜನೆಯ ದೊಡ್ಡ ಬ್ರಾಂಡುಗಳು ಎಂದರೆ ದೇವರುಗಳೇ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಮುಕ್ತಿ ಬಾವುಟದ ಹರಾಜು ಲಕ್ಷಗಟ್ಟಲೆಗೆ ಹೋಗುತ್ತದೆ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಆಂಧ್ರದಿಂದಲೂ ಜನ ಬರುತ್ತಾರೆ. ತೊಟ್ಟಿಲು, ನಾಟಕ, ಮಂಡಕ್ಕಿ, ಬಳೆ, ಹರಕೆ ಎಲ್ಲ ಒಂದೇ ಬಯಲಿನಲ್ಲಿ. ಹೆಸರಿನಿಂದ ಜನ ಸೇರುತ್ತಾರೆ, ಜನದಿಂದ ದುಡ್ಡು, ದುಡ್ಡಿನಿಂದ ದಾಸೋಹ. ಹೆಸರಿನ ಮೇಲೆ ದನ ಸಾಕುವುದೂ ನಮಗೆ ಹೊಸದಲ್ಲ. ಆದರೆ ಬರ ಬಂದ ವರ್ಷ ಹೆಸರೊಂದೇ ಸಾಲುವುದಿಲ್ಲ. 2016–17ರ ಬರದಲ್ಲಿ ದೇವರ ಎತ್ತುಗಳಿಗೂ ಮೇವಿಲ್ಲದೆ ಕಿಲಾರಿಗಳು ದಾನಿಗಳ ಲಾರಿಯ ದಾರಿ ಕಾದರು.

ಮೇವಿನ ಮಾತು ಬಂದರೆ ಹುಲ್ಲಿನ ಕಾವಲಿನ ಮಾತೂ ಬರಬೇಕು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆಂದು ಮೀಸಲಿಟ್ಟು, ಟಿಪ್ಪು ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಕಾವಲುಗಳಲ್ಲಿ ನಮ್ಮ ತಾಲ್ಲೂಕಿನವೂ ಸೇರಿದ್ದವು. 2010ರ ಆಸುಪಾಸಿನಲ್ಲಿ ಕುದಾಪುರ, ಉಳ್ಳಾರ್ತಿ ಕಡೆಯ ಸುಮಾರು 10 ಸಾವಿರ ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ದನ ಕುರಿ ಮೇಯಿಸುವವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. 2023ರ ಏಪ್ರಿಲ್ 2ರಂದು ಇಸ್ರೊದವರು ಹೆಲಿಕಾಪ್ಟರಿನಿಂದ ಬಿಟ್ಟ ರೆಕ್ಕೆಯ ವಾಹನ ಇಲ್ಲಿಯ ರನ್‌ವೇ ಮೇಲೆ ತಾನೇ ತಾನಾಗಿ ಇಳಿಯಿತು. ಹೆಮ್ಮೆ ಪಡುವ ವಿಷಯವೇ. ದೊಡ್ಡಪ್ಪನೂ ಹೆಮ್ಮೆ ಪಟ್ಟು, "ಅದಕ್ಕೆ ಮೇವು ಬ್ಯಾಡವಲ್ಲ, ಪುಣ್ಯ" ಅಂದ. ದನ ಆರೋಗ್ಯವಾಗಿರಲು ಮೊದಲು ಹುಲ್ಲು ಬೇಕು, ಆಮೇಲೆ ನೀರು, ಡಾಕ್ಟರು ಮೂರನೆಯವರು. ಕಂಪನಿಯ ಕ್ಲಿನಿಕ್ಕು ಶುರುವಾಗುವುದು ಮೂರನೆಯದರಿಂದ.

ಹಾಗಂತ ಬೇಡವೆನ್ನಲು ನಾನ್ಯಾರು? 2022ರಲ್ಲಿ ಚರ್ಮಗಂಟು ರೋಗ ಬಂದಾಗ ಲಸಿಕೆಗಾಗಿ ಹಟ್ಟಿಯಿಂದ ಹಟ್ಟಿಗೆ ಓಡಿ ಬಸವಳಿದ ಡಾಕ್ಟರುಗಳನ್ನು ನೋಡಿದ್ದೇನೆ. ಇನ್ನೂ ನಾಲ್ಕು ಕೈ ಇದ್ದಿದ್ದರೆ ಎನ್ನಿಸಿತ್ತು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಬರುವ ವ್ಯವಸ್ಥೆ ಇದೆ, ಆದರೆ ತಾಲ್ಲೂಕು ದೊಡ್ಡದು. ಆದ್ದರಿಂದ ಅಣ್ಣನ ಮಗಳಿಗೆ ನನ್ನ ಷರತ್ತುಗಳನ್ನು ಹೇಳಿದೆ. ಒಂದು, ಸೂಜಿ ಹಿಡಿಯುವವರು 1984ರ ಪಶುವೈದ್ಯ ಪರಿಷತ್ತಿನ ಕಾಯ್ದೆಯಂತೆ ನೋಂದಾಯಿತರಾಗಿರಬೇಕು ಎಂಬುದು ಹೇಗೂ ಕಾನೂನು; ಅವರ ಚೀಟಿಯ ಮೇಲೆ ಆಟಿಕೆ ಮಾರುವವನ ಕೈ ಬೀಳಬಾರದು. ಎರಡು, ದರದ ಪಟ್ಟಿ ಕಾರ್ಟೂನಿಗಿಂತ ದೊಡ್ಡದಾಗಿ ಗೋಡೆಯ ಮೇಲಿರಲಿ. ಮೂರು, ಸಿನಿಮಾ ನೋಡಿ ಪಗ್ ತರಲು ಹೊರಟವನಿಗೆ "ಬೇಡಪ್ಪಾ, ಬೀದಿಯಲ್ಲೇ ಒಳ್ಳೆಯ ನಾಯಿಗಳಿವೆ" ಎಂದು ಹೇಳುವ ಸ್ವಾತಂತ್ರ್ಯ ಡಾಕ್ಟರಿಗೆ ಇರಲಿ. ನಾಲ್ಕು, ಫೋಟೊಕ್ಕೆ ಬಾರದ ಪ್ರಾಣಿಗೂ, ಹಾಲು ಕೊಡದ ಎತ್ತಿಗೂ, ಹುಳ ಬಿದ್ದ ಗಾಯಕ್ಕೂ, ಶೋ ಇಲ್ಲದ ಹೊತ್ತಿನಲ್ಲೂ ಫೋನ್ ಎತ್ತುವವರು ಇರಲಿ.

"ಇಷ್ಟೆಲ್ಲ ಒಪ್ಪಿದ್ರೆ ಕಂಪನಿಗೆ ಲಾಭ ಎಲ್ಲಿಂದ ಬರ್ಬೇಕು ಚಿಕ್ಕಪ್ಪ?" ಎಂದಳು.

ಲಾಭಕ್ಕೆ ಅವರ ಹತ್ತಿರ ಸಿನಿಮಾ ಇದೆಯಲ್ಲ. ಈ ಷರತ್ತಿಗೆ ಒಪ್ಪುವ ಕಂಪನಿ ಇದ್ದರೆ ಧಾರಾಳವಾಗಿ ಚಳ್ಳಕೆರೆಗೆ ಬರಲಿ, ಬೋರ್ಡಿನ ಮೇಲೆ ಆನೆ ಬರೆಯಲಿ, ಇಲಿ ಬರೆಯಲಿ, ನಮ್ಮವರು ತಕರಾರು ತೆಗೆಯುವುದಿಲ್ಲ. ಒಪ್ಪದಿದ್ದರೆ ಚಾರ್ಲಿಯವರ ಹಾಗೆ ಒಳ್ಳೆಯ ಚಿತ್ರ ತೆಗೆದು, ಲಾಭದಲ್ಲಿ ಒಂದು ಪಾಲು ದನದಾಸ್ಪತ್ರೆಗೆ ಕೊಡಲಿ. ಆ ಚಿತ್ರವನ್ನೂ ನಾವು ನೋಡುತ್ತೇವೆ, ಟಿಕೆಟು ಕೊಂಡೇ.